ಕೊನೆಗೆ ತೆರೆದ ಮೊದಲ ತರಗತಿ

2021ರ ನವೆಂಬರ್ 1, ಸೋಮವಾರ. ತಮಿಳುನಾಡಿನ ಉಳಿದೆಲ್ಲ ಊರುಗಳಂತೆ ಅದಿಯಮಾನ್‌ಕೋಟೆಯಲ್ಲಿಯೂ ಅಂದು ಒಂದರಿಂದ ಎಂಟನೆಯ ತರಗತಿಯವರೆಗಿನ ಮಕ್ಕಳಿಗೆ ಶಾಲೆಯ ಬಾಗಿಲು ತೆರೆಯಿತು. 2020ರ ಮಾರ್ಚ್ ತಿಂಗಳ ನಡುವಿನಲ್ಲಿ ಮುಚ್ಚಿದ ಬಾಗಿಲದು; ಮಧ್ಯದಲ್ಲಿ ಹತ್ತೊಂಬತ್ತು ತಿಂಗಳಿಗೂ ಹೆಚ್ಚಿನ ಕಾಲ ಕಳೆದಿತ್ತು. ರಾಜ್ಯದ ಅನೇಕ ಶಾಲೆಗಳಲ್ಲಿ ಉಪಾಧ್ಯಾಯರು ಬಾಗಿಲಲ್ಲಿ ನಿಂತು ಹೂವು, ಬಲೂನು, ಸಿಹಿತಿಂಡಿ ಕೊಟ್ಟು ಮಕ್ಕಳನ್ನು ಒಳಗೆ ಕರೆದುಕೊಂಡರು. ಅದೇ ವಾರದ ಗುರುವಾರ ದೀಪಾವಳಿ. ಆದ್ದರಿಂದ ಮೊದಲ ವಾರದ ಪಾಠ ಎರಡು ಮೂರು ದಿನಗಳಿಗೇ ಮುಗಿಯಿತು. ಹಬ್ಬದ ಹಿಂದೆಯೇ ಈಶಾನ್ಯ ಮಾರುತದ ಮಳೆ ಬಂದು ಹಲವು ಜಿಲ್ಲೆಗಳ ಶಾಲೆಗಳಿಗೆ ಮತ್ತೆ ರಜೆ ಕೊಡಿಸಿತು.

ಕನ್ನಡಿಗರಿಗೆ ಆ ದಿನಾಂಕದ ಪರಿಚಯ ಬೇರೆ ಕಾರಣದಿಂದ ಉಂಟು. 1956ರ ನವೆಂಬರ್ 1ರಂದು ಭಾಷಾವಾರು ಪ್ರಾಂತಗಳ ಗೆರೆ ಎಳೆದಾಗ ಸೇಲಂ ಜಿಲ್ಲೆಯ ಕನ್ನಡ ಮನೆಗಳು ಗೆರೆಯ ಈಚೆಗೆ ಉಳಿದವು. ಆಗ ಧರ್ಮಪುರಿಯೂ ಸೇಲಂ ಜಿಲ್ಲೆಯೊಳಗೇ ಇತ್ತು. ಅದು ಬೇರೆ ಜಿಲ್ಲೆಯಾದದ್ದು 1965ರಲ್ಲಿ. 2021ರಲ್ಲಿ ಅದೇ ದಿನ ಕಾಸರಗೋಡಿನ ಕನ್ನಡ ಮಕ್ಕಳಿಗೂ ಶಾಲೆ ತೆರೆಯಿತು, ಏಕೆಂದರೆ ಕೇರಳ ಸರ್ಕಾರವೂ ನವೆಂಬರ್ 1ನ್ನೇ ಆರಿಸಿಕೊಂಡಿತ್ತು. ಕರ್ನಾಟಕದಲ್ಲಿ ಒಂದರಿಂದ ಐದನೆಯ ತರಗತಿಗಳು ಒಂದು ವಾರ ಮೊದಲು, ಅಕ್ಟೋಬರ್ 25ರಂದು ಆರಂಭವಾಗಿದ್ದವು. ಹೀಗೆ ಮೂರು ರಾಜ್ಯಗಳ ಕನ್ನಡದ ಎಳೆಯ ಮಕ್ಕಳು ಎಂಟು ದಿನಗಳ ಅಂತರದಲ್ಲಿ ಶಾಲೆಯ ಮೆಟ್ಟಿಲು ಹತ್ತಿದರು. ಇದನ್ನು ಯಾರೂ ಗೊತ್ತುಮಾಡಿ ನಡೆಸಿದ್ದಲ್ಲ. ತಮಿಳುನಾಡು, ಕರ್ನಾಟಕ ಸರ್ಕಾರಗಳು ಎಳೆಯರನ್ನು ಸಾಲಿನ ಕೊನೆಯಲ್ಲಿ ನಿಲ್ಲಿಸಿದ್ದವು; ಮೂರು ರಾಜ್ಯಗಳಲ್ಲಿಯೂ ಅವರ ಸರದಿ ಹೆಚ್ಚುಕಡಿಮೆ ಒಟ್ಟಿಗೇ ಬಂತು, ಅಷ್ಟೆ.

ಎಳೆಯರು ಸಾಲಿನ ಕೊನೆಯಲ್ಲಿ ಏಕಿದ್ದರು ಎಂಬ ಪ್ರಶ್ನೆ ಆ ದಿನಗಳಲ್ಲಿ ಹೆಚ್ಚಾಗಿ ಕೇಳಿಬರಲಿಲ್ಲ. ತಮಿಳುನಾಡಿನ ಕ್ರಮವನ್ನು ಜ್ಞಾಪಿಸಿಕೊಂಡರೆ ಉತ್ತರ ತಾನಾಗಿ ಹೊರಬೀಳುತ್ತದೆ. 2020ರ ನವೆಂಬರ್ 16ರಂದು ಒಂಬತ್ತರಿಂದ ಹನ್ನೆರಡನೆಯ ತರಗತಿಗಳನ್ನು ತೆರೆಯುವುದಾಗಿ ಸರ್ಕಾರ ಮೊದಲು ಪ್ರಕಟಿಸಿತು. 9ರಂದು ಹೆತ್ತವರ ಅಭಿಪ್ರಾಯ ಕೇಳಿ, ಕೆಲವೇ ದಿನಗಳಲ್ಲಿ ಆ ಪ್ರಕಟಣೆಯನ್ನು ಹಿಂತೆಗೆದುಕೊಂಡಿತು. 2021ರ ಜನವರಿ 19ರಂದು ಹತ್ತು ಮತ್ತು ಹನ್ನೆರಡನೆಯ ತರಗತಿಗಳು ತೆರೆದವು. ಫೆಬ್ರವರಿ 8ರಂದು ಒಂಬತ್ತು, ಹನ್ನೊಂದು. ಎರಡನೆಯ ಅಲೆ ಬಂದು ಎಲ್ಲವೂ ಮತ್ತೆ ಮುಚ್ಚಿದ ಮೇಲೆ, ಸೆಪ್ಟೆಂಬರ್ 1ರಂದು ಪುನಃ ಒಂಬತ್ತರಿಂದ ಹನ್ನೆರಡು. ಒಂದನೆಯ ತರಗತಿಯ ಮಾತು ಬಂದದ್ದು ಅದಾದ ಎರಡು ತಿಂಗಳ ಮೇಲೆ. ಪರೀಕ್ಷೆ ಯಾರಿಗಿತ್ತೋ ಅವರಿಗೆ ಮೊದಲು ಬಾಗಿಲು ತೆರೆಯಿತು. ಒಂದನೆಯ ತರಗತಿಗೆ ಪರೀಕ್ಷೆಯಿಲ್ಲ. ಎಂಟನೆಯ ತರಗತಿಯವರೆಗೆ ಎಲ್ಲರೂ ಉತ್ತೀರ್ಣರೆಂಬ ರೂಢಿಯೂ ಇದೆ. ಅಂಕಪಟ್ಟಿಯಲ್ಲಿ ಕಾಣಿಸದ ನಷ್ಟವನ್ನು ನಷ್ಟವೆಂದು ಎಣಿಸುವ ಅಭ್ಯಾಸ ಆಡಳಿತಕ್ಕೆ ಇಲ್ಲ.

ಅಂದಿನ ಭಯ ಸುಳ್ಳಾಗಿರಲಿಲ್ಲ. 2021ರ ಮೇ ತಿಂಗಳಲ್ಲಿ ತಮಿಳುನಾಡಿನಲ್ಲಿ ಒಂದೇ ದಿನಕ್ಕೆ 36 ಸಾವಿರಕ್ಕೂ ಹೆಚ್ಚು ಸೋಂಕು ದಾಖಲಾದದ್ದನ್ನು ಮರೆಯುವಂತಿಲ್ಲ. ಆಸ್ಪತ್ರೆಯಲ್ಲಿ ಹಾಸಿಗೆ ಸಿಗದೆ, ಆಮ್ಲಜನಕ ಸಿಗದೆ ಜನ ಓಡಾಡಿದ ದಿನಗಳವು. ಮಗುವಿಗೆ ಜ್ವರ ಬಂದು ಹೋಗಬಹುದು, ಆದರೆ ಅದೇ ಮಗು ಮನೆಯ ಮೂಲೆಯಲ್ಲಿ ಮಲಗಿರುವ ಅಜ್ಜಿಗೆ ಅದನ್ನು ತಂದರೆ ಗತಿಯೇನು ಎಂಬುದು ಹಳ್ಳಿಯ ಹೆತ್ತವರ ಚಿಂತೆಯಾಗಿತ್ತು. ಒಂದೇ ಕೋಣೆಯ ಮನೆಗಳಲ್ಲಿ ಅದು ಅತ್ಯಂತ ನ್ಯಾಯವಾದ ಚಿಂತೆ. ಮಕ್ಕಳಿಗೆ ಲಸಿಕೆಯೂ ಇರಲಿಲ್ಲ. ಹದಿನೈದು ತುಂಬಿದವರಿಗೆ ಅದು ಬಂದದ್ದೇ 2022ರ ಜನವರಿಯಲ್ಲಿ. ಒಂದು ನಲ್ಲಿ, ಎರಡು ಶೌಚಾಲಯ, ಇಬ್ಬರು ಉಪಾಧ್ಯಾಯರು, ಐದು ತರಗತಿಗಳು ಇರುವ ಪ್ರಾಥಮಿಕ ಶಾಲೆಯಲ್ಲಿ ಆರು ವರ್ಷದ ಮಕ್ಕಳನ್ನು ಮೂರಡಿ ಅಂತರದಲ್ಲಿ ಕೂರಿಸಿ ಮಾಸ್ಕ್ ಕಳಚದಂತೆ ನೋಡಿಕೊಳ್ಳಿರೆಂದು ಆಜ್ಞೆ ಬರೆಯುವುದು ಸುಲಭ. ಅದನ್ನು ನಡೆಸಬೇಕಾದವರು ಹಿಂಜರಿದರೆ ತಪ್ಪೆನ್ನಲಾಗದು.

ಆದರೂ ಭಯಕ್ಕೆ ಎದುರಾಗಿ ತಿಳಿವಳಿಕೆಯೂ ಅದೇ ಕಾಲದಲ್ಲಿ ಬೆಳೆದಿತ್ತು. 2021ರ ಜುಲೈ 20ರಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ತನ್ನ ನಾಲ್ಕನೆಯ ರಕ್ತಪರೀಕ್ಷಾ ಸಮೀಕ್ಷೆಯ ಫಲವನ್ನು ಹೊರಗಿಟ್ಟಿತು. ಆರರಿಂದ ಒಂಬತ್ತು ವರ್ಷದ ಮಕ್ಕಳಲ್ಲಿ ನೂರಕ್ಕೆ 57ರಷ್ಟು ಮಂದಿಗೆ ಸೋಂಕು ಆಗಲೇ ಬಂದುಹೋದ ಗುರುತು ರಕ್ತದಲ್ಲಿತ್ತು. ಶಾಲೆ ಮುಚ್ಚಿದ್ದಾಗಲೇ ಹೀಗಾಗಿತ್ತೆಂಬುದನ್ನು ಗಮನಿಸಬೇಕು. ಮಂಡಳಿಯ ಅಂದಿನ ಮಹಾನಿರ್ದೇಶಕ ಬಲರಾಂ ಭಾರ್ಗವ ಅವರು ಶಾಲೆ ತೆರೆಯುವುದಾದರೆ ಪ್ರಾಥಮಿಕ ಶಾಲೆಗಳಿಂದ ಆರಂಭಿಸುವುದು ವಿವೇಕವೆಂದರು. ಎಳೆಯ ಮಕ್ಕಳ ದೇಹ ಈ ವೈರಾಣುವನ್ನು ದೊಡ್ಡವರಿಗಿಂತ ಚೆನ್ನಾಗಿ ಎದುರಿಸುತ್ತದೆಂಬುದು ಅದಕ್ಕೆ ಕಾರಣ. ಉಪಾಧ್ಯಾಯರಿಗೂ ಶಾಲೆಯ ಇತರ ನೌಕರರಿಗೂ ಮೊದಲು ಲಸಿಕೆ ಹಾಕಿಸಬೇಕೆಂಬ ಷರತ್ತನ್ನೂ ಅವರು ಸೇರಿಸಿದ್ದರು. ಡೆನ್ಮಾರ್ಕ್ ದೇಶ ಈ ಕೆಲಸವನ್ನು 2020ರ ಏಪ್ರಿಲ್ 15ರಷ್ಟು ಹಿಂದೆಯೇ ಮಾಡಿತ್ತು: ಅಲ್ಲಿ ಶಿಶುವಿಹಾರ ಮತ್ತು ಐದನೆಯ ತರಗತಿಯವರೆಗಿನ ಮಕ್ಕಳು ಮೊದಲು ಒಳಗೆ ಬಂದರು, ದೊಡ್ಡವರು ಮನೆಯಲ್ಲೇ ಕಾದರು. ಡೆನ್ಮಾರ್ಕಿನ ಶಾಲೆಗೂ ಧರ್ಮಪುರಿಯ ಶಾಲೆಗೂ ಹೋಲಿಕೆಯೆಲ್ಲಿ ಎನ್ನಬಹುದು. ಪಂಜಾಬಿನ ಹಳ್ಳಿಶಾಲೆಗಳೊಡನೆ ಹೋಲಿಸಬಹುದಲ್ಲ? ಅಲ್ಲಿ 2021ರ ಆಗಸ್ಟ್ 2ರಂದು ಎಲ್ಲ ತರಗತಿಗಳೂ ಒಟ್ಟಿಗೆ ತೆರೆದಿದ್ದವು.

ಅದಿಯಮಾನ್‌ಕೋಟೆಯ ಮಾತನ್ನು ಬೇರೆಯಾಗಿ ಆಡಬೇಕಾದ ಕಾರಣವಿದೆ. ಧರ್ಮಪುರಿ ಪಟ್ಟಣದ ದಕ್ಷಿಣಕ್ಕೆ ಸೇಲಂ ಹೆದ್ದಾರಿಯಲ್ಲಿರುವ ಈ ಊರು ಸಂಗಂ ಕಾಲದ ಅದಿಯಮಾನ್ ಒಡೆಯರ ಹೆಸರನ್ನು ಹೊತ್ತಿದೆ. ಔವೈಗೆ ನೆಲ್ಲಿಕಾಯಿ ಕೊಟ್ಟ ಅದಿಯಮಾನ್ ನೆಡುಮಾನ್ ಅಂಜಿಯ ಕಥೆಯನ್ನು ಇಲ್ಲಿಯ ಶಾಲೆಯ ಮಕ್ಕಳೆಲ್ಲರೂ ಬಲ್ಲರು. ತಗಡೂರೆಂಬ ಹಳೆಯ ಹೆಸರಿನ ಧರ್ಮಪುರಿಯನ್ನು ಮುಂದೆ ನೊಳಂಬರು ಆಳಿದಾಗ 9ನೆಯ ಶತಮಾನದ ಶಾಸನಗಳು ಕನ್ನಡದಲ್ಲಿ ಹುಟ್ಟಿದವು. ಹೊಸೂರು, ರಾಯಕೋಟೆ, ಪಾಲಕ್ಕೋಡುಗಳ ಮೇಲಿಂದ ಬರುವ ಹೆದ್ದಾರಿ ಈ ಊರಿನ ಬಳಿಯೇ ಸೇಲಂ ಹೆದ್ದಾರಿಯನ್ನು ಕೂಡುತ್ತದೆ. ಆ ದಾರಿಯಲ್ಲೇ ಬೆಂಗಳೂರಿಗೆ ಕೂಲಿಗೆ ಹೋಗುವವರು ಹೋಗುತ್ತಾರೆ, ಬರುವವರು ಬರುತ್ತಾರೆ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ನೂರಕ್ಕೆ 80 ಇದ್ದಾಗ ಧರ್ಮಪುರಿ ಜಿಲ್ಲೆಯದು 68.5, ರಾಜ್ಯದಲ್ಲೇ ಕೊನೆಯ ಸ್ಥಾನ. ಈ ಜಿಲ್ಲೆಯಲ್ಲಿಯೂ ನೆರೆಯ ಸೇಲಂ ಜಿಲ್ಲೆಯಲ್ಲಿಯೂ ಲಿಂಗಾಯತರು, ಒಕ್ಕಲಿಗರು, ಕುರುಬರು, ನೇಯುವ ದೇವಾಂಗರು ಹೀಗೆ ಹಲವು ಸಮುದಾಯಗಳ ಮನೆಮಾತು ಕನ್ನಡ. ಹೊಸೂರು, ತಳಿ ಕಡೆಗಳಲ್ಲಿ ಕನ್ನಡ ಮಾಧ್ಯಮದ ಶಾಲೆಗಳುಂಟು. ಇತ್ತ ಬಂದಂತೆ ಕನ್ನಡ ಮನೆಯೊಳಗಿನ ಮಾತಾಗಿ ಉಳಿದಿದೆ, ಅಕ್ಷರವಾಗಿ ಉಳಿದಿಲ್ಲ. ಮಗು ಅಡುಗೆಮನೆಯಲ್ಲಿ ಕನ್ನಡ, ಬೀದಿಯಲ್ಲಿ ಆಡುತಮಿಳು, ಪುಸ್ತಕದಲ್ಲಿ ಗ್ರಂಥದ ತಮಿಳು ಎಂಬ ಮೂರನ್ನು ಹೊಂದಿಸಿಕೊಳ್ಳಬೇಕು. ಬೀದಿಯ ತಮಿಳನ್ನು ಆಟದಲ್ಲಿ ಕಲಿಯಬಹುದು. ಮೂರನೆಯದು ಸಿಗುವ ಸ್ಥಳ ಒಂದೇ, ಒಂದನೆಯ ತರಗತಿ.

ಆ ತರಗತಿಯಲ್ಲಿ ನಡೆಯುವ ಕೆಲಸ ಎಷ್ಟು ಸೂಕ್ಷ್ಮವೆಂಬುದು ಅಕ್ಷರಮಾಲೆಯ ಚಿತ್ರಗಳನ್ನು ನೋಡಿದರೆ ತಿಳಿಯುತ್ತದೆ. ತಮಿಳು ಬಾಲಪಾಠಗಳಲ್ಲಿ ರೂಢಿಯಾಗಿ ‘ಅ’ ಎಂದರೆ ಅಣಿಲ್. ಕನ್ನಡದ ಮಗುವಿಗೆ ಅದು ಅಳಿಲು. ‘ಆ’ ಎಂದರೆ ಆಡು. ಇಲ್ಲಿ ಕಷ್ಟವೇ ಇಲ್ಲ, ಎರಡು ಭಾಷೆಯಲ್ಲಿಯೂ ಅದೇ ಆಡು. ‘ಇ’ ಎಂದರೆ ಇಲೈ. ಮನೆಯಲ್ಲಿ ಅದನ್ನು ಎಲೆ ಎನ್ನುತ್ತಾರೆ, ಅಂದರೆ ‘ಎ’ ಅಕ್ಷರದ ಮನೆಗೆ ಸೇರಿದ್ದು. ‘ಈ’ ಎಂದಾಗ ಚಿತ್ರದಲ್ಲಿ ನೊಣ ಕೂತಿದೆ. ಕನ್ನಡದ ಮಗುವಿಗೆ ‘ಈ’ ಎಂದರೆ ಹತ್ತಿರದ್ದನ್ನು ತೋರಿಸುವ ಮಾತು. ಅದು ನೊಣದ ಹೆಸರು ಹೇಗಾದೀತು? ಬಾಯಲ್ಲಿ ಹಾಲು, ಹಲ್ಲು, ಹುಲಿ, ಹೂ, ಹಾವು ಇದ್ದದ್ದು ಪುಸ್ತಕದಲ್ಲಿ ಪಾಲ್, ಪಲ್, ಪುಲಿ, ಪೂ, ಪಾಂಬು ಆಗಿರುತ್ತದೆ. ಹಳಗನ್ನಡದಲ್ಲಿಯೂ ಇವು ಪಾಲ್, ಪುಲಿ, ಪೂ ಎಂದೇ ಇದ್ದವೆಂಬ ಸಂಗತಿ ಪಂಡಿತರಿಗೆ ಗೊತ್ತು, ಮಗುವಿಗೆ ಗೊತ್ತಿಲ್ಲ. ಆದರೆ ಎದುರಿಗೆ ಒಬ್ಬ ಉಪಾಧ್ಯಾಯಿನಿ ನಿಂತು, ಚಿತ್ರದ ಹುಲಿಯನ್ನು ತೋರಿಸಿ, ಮಗು ‘ಹುಲಿ’ ಎಂದಾಗ ನಕ್ಕು ‘ಪುಲಿ’ ಎಂದರೆ, ನಾಲ್ಕನೆಯ ಮಾತಿಗೆ ಮಗು ತಾನೇ ಸೂತ್ರವನ್ನು ಹಿಡಿದುಬಿಡುತ್ತದೆ. ಹತ್ತು ನಿಮಿಷದ ಕೆಲಸ. ಧರ್ಮಪುರಿ ಜಿಲ್ಲೆಯಲ್ಲಿ ಈ ಪಾಠಕ್ಕೆ ಊರಿನ ಹೆಸರುಗಳೇ ಸಾಕು: ಒಂದು ಕಡೆ ನಲ್ಲಂಪಳ್ಳಿ, ಇನ್ನೊಂದು ಕಡೆ ಮಾರಂಡಹಳ್ಳಿ. ತಮಿಳಿನಲ್ಲಿ ‘ಪಳ್ಳಿ’ ಎಂದರೆ ಶಾಲೆಯೂ ಹೌದು. ಹಳ್ಳಿಯಿಂದ ಪಳ್ಳಿಗೆ ಹೋಗುವ ಮಗು ಒಂದೇ ಬೇರಿನ ಎರಡು ಮಾತುಗಳ ನಡುವೆ ನಡೆಯುತ್ತದೆ.

ಅಕ್ಷರದ ತೊಡಕು ಇನ್ನೊಂದು. ಕನ್ನಡದ ಕಿವಿಗೆ ಕ, ಗ ಬೇರೆಬೇರೆ. ತಮಿಳು ಬರಹದಲ್ಲಿ ಎರಡಕ್ಕೂ ಒಂದೇ ಅಕ್ಷರ. ತ ದ, ಪ ಬಗಳ ಕಥೆಯೂ ಅಷ್ಟೆ. ಎಲ್ಲಿ ಬಿಗಿ, ಎಲ್ಲಿ ಸಡಿಲ ಎಂಬುದನ್ನು ಮಗು ನಿಯಮವಾಗಿ ಕಲಿಯುವುದಿಲ್ಲ. ಗಟ್ಟಿಯಾಗಿ ಓದುತ್ತ, ತಪ್ಪುತ್ತ, ಪಕ್ಕದವನು ಓದುವುದನ್ನು ಕೇಳುತ್ತ ಹಿಡಿಯುತ್ತದೆ. ಮನೆಮಾತು ತಮಿಳಾಗಿರುವ ಮಗುವಿಗೆ ಆ ಮಾತಿನ ಗುರುತು ಮೊದಲೇ ಕಿವಿಯಲ್ಲಿರುವುದರಿಂದ ಅಕ್ಷರ ಅದನ್ನು ಎಬ್ಬಿಸಿದರೆ ಸಾಕು. ಕನ್ನಡದ ಮಗು ಮಾತನ್ನೂ ಅಕ್ಷರವನ್ನೂ ಒಟ್ಟಿಗೆ ಕಟ್ಟಿಕೊಳ್ಳಬೇಕು. ಅದಕ್ಕೆ ಬೇಕಾದುದು ಎದುರಿನ ಮುಖ, ತಿದ್ದುವ ದನಿ, ಸುತ್ತ ಕೂತ ಓರಗೆಯವರು. ತಮಿಳುನಾಡಿನ ಪ್ರಾಥಮಿಕ ಶಾಲೆಗಳಲ್ಲಿ 2007ರಿಂದ ಬಳಕೆಗೆ ಬಂದ ಚಟುವಟಿಕೆಯ ಕಲಿಕೆಯಲ್ಲಿ ಮಕ್ಕಳು ಚಾಪೆಯ ಮೇಲೆ ಗುಂಪುಗುಂಪಾಗಿ ಕೂತು ಒಬ್ಬರಿಂದ ಒಬ್ಬರು ಕಲಿಯುತ್ತಿದ್ದರು. ಸೋಂಕಿನ ನಿಯಮಗಳು ಮೊದಲು ತೆಗೆದುಹಾಕಿದ್ದು ಆ ಗುಂಪನ್ನೇ.

ಮುಚ್ಚಿದ ಕಾಲದಲ್ಲಿ ಶಾಲೆಗೆ ಬದಲಾಗಿ ಬಂದದ್ದು ದೂರದರ್ಶನ ಮತ್ತು ಫೋನು. 2019ರ ಆಗಸ್ಟ್ ತಿಂಗಳಲ್ಲೇ ಆರಂಭವಾಗಿದ್ದ ಕಲ್ವಿ ತೊಲೈಕ್ಕಾಟ್ಚಿ ವಾಹಿನಿ ತರಗತಿವಾರು ಪಾಠಗಳನ್ನು ಬಿತ್ತರಿಸಿತು. ಅದು ಶ್ರದ್ಧೆಯ ಕೆಲಸವೇ, ತಯಾರಿಸಿದವರನ್ನು ಹಳಿಯಬೇಕಾದುದಿಲ್ಲ. ಆದರೆ ಪರದೆಯ ಮೇಲಿನ ಉಪಾಧ್ಯಾಯಿನಿಗೆ ತನ್ನೆದುರಿನ ಮಗು ‘ಹುಲಿ’ ಎಂದದ್ದು ಕೇಳಿಸುವುದಿಲ್ಲ. ಮನೆಯಲ್ಲಿ ತಾಯಿ ತಮಿಳು ಮಾತನಾಡಬಲ್ಲಳು, ಓದಲಾರಳು. ತಂದೆ ಬೆಂಗಳೂರಿನಲ್ಲೋ ತಿರುಪ್ಪೂರಿನಲ್ಲೋ ಇದ್ದಾನೆ, ಇರುವ ಒಂದು ಸ್ಮಾರ್ಟ್‌ಫೋನ್ ಅವನ ಜೇಬಿನಲ್ಲಿದೆ. ಇಂಥ ಮನೆಗಳಿಗೆ ಆನ್‌ಲೈನ್ ಪಾಠವೆಂಬುದು ಕೇಳಿದ ಹೆಸರು, ಅಷ್ಟೆ. 2021ರ ಆಗಸ್ಟ್ ತಿಂಗಳಲ್ಲಿ ಜ್ಯಾಂ ದ್ರೆಜ್ ಮುಂತಾದ ಅರ್ಥಶಾಸ್ತ್ರಜ್ಞರ ಮುಂದಾಳತ್ವದಲ್ಲಿ ಹದಿನೈದು ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳ ಬಡ ಮನೆಗಳ ಸುಮಾರು 1,400 ಮಕ್ಕಳನ್ನು ಕಂಡು ನಡೆಸಿದ ಸಮೀಕ್ಷೆಯಲ್ಲಿ, ಹಳ್ಳಿಗಳಲ್ಲಿ ನಿಯಮಿತವಾಗಿ ಆನ್‌ಲೈನ್ ಮೂಲಕ ಓದುತ್ತಿದ್ದವರು ನೂರಕ್ಕೆ ಎಂಟು ಮಂದಿ. ನೂರಕ್ಕೆ ಮೂವತ್ತೇಳು ಮಂದಿ ಏನನ್ನೂ ಓದುತ್ತಿರಲಿಲ್ಲ.

ಗಡಿಯಾಚೆಯ ನೆರವು ಈ ಮಕ್ಕಳಿಗೆ ದಕ್ಕುವಂತಿರಲಿಲ್ಲ. ಕರ್ನಾಟಕ ಸರ್ಕಾರ ಚಂದನ ವಾಹಿನಿಯಲ್ಲಿ ಪಾಠಗಳನ್ನು ಬಿತ್ತರಿಸಿತು. ಆ ಮಾತು ಧರ್ಮಪುರಿಯ ಕನ್ನಡ ಮಗುವಿಗೆ ಅರ್ಥವಾಗುತ್ತಿತ್ತು, ಆದರೆ ಆ ಪುಸ್ತಕ ಅದರ ಕೈಯಲ್ಲಿರಲಿಲ್ಲ, ಆ ಅಕ್ಷರ ಅದಕ್ಕೆ ತಿಳಿದಿರಲಿಲ್ಲ. ಕೈಯಲ್ಲಿದ್ದ ಪುಸ್ತಕದ ಭಾಷೆ ಮನೆಯದಲ್ಲ. ಒಂದು ವಾಹಿನಿಯಲ್ಲಿ ಕಿವಿಗೆ ಬೇಕಾದದ್ದು, ಇನ್ನೊಂದರಲ್ಲಿ ಕಣ್ಣಿಗೆ ಬೇಕಾದದ್ದು. ಎರಡನ್ನೂ ಸೇರಿಸುವವರು ಯಾರೂ ಇಲ್ಲ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಇದಕ್ಕಿಂತ ಸ್ವಲ್ಪ ಮೇಲು ಗತಿ ಇತ್ತು: ಕೇರಳದ ‘ಫಸ್ಟ್ ಬೆಲ್’ ಪಾಠಗಳು 2020ರ ಜೂನ್ 1ರಂದು ಮಲಯಾಳದಲ್ಲಿ ಆರಂಭವಾದ ಮೇಲೆ ಕನ್ನಡದಲ್ಲಿಯೂ ಬಂದವು. ಅಲ್ಲಿ ಕನ್ನಡ ಮಾಧ್ಯಮವೆಂಬುದೊಂದು ಇದೆ, ಆದ್ದರಿಂದ ಕೇಳುವವರಿದ್ದರು. ಅದಿಯಮಾನ್‌ಕೋಟೆಯ ಸುತ್ತಿನ ಮಗು ಯಾವ ಪಟ್ಟಿಯಲ್ಲಿಯೂ ಕನ್ನಡದ ಮಗುವಾಗಿ ಲೆಕ್ಕಕ್ಕೆ ಬರುವುದಿಲ್ಲ. ಅದು ತಮಿಳು ಮಾಧ್ಯಮದ ವಿದ್ಯಾರ್ಥಿ.

ಕರ್ನಾಟಕದ ‘ವಿದ್ಯಾಗಮ’ವನ್ನು ಇಲ್ಲಿ ನೆನೆಯಬೇಕು. 2020ರ ಆಗಸ್ಟ್ ತಿಂಗಳಲ್ಲಿ ಅಲ್ಲಿಯ ಉಪಾಧ್ಯಾಯರು ಗುಡಿಯ ಜಗಲಿ, ಅರಳಿಕಟ್ಟೆ, ಮರದ ನೆರಳುಗಳಲ್ಲಿ ಮಕ್ಕಳನ್ನು ಸಣ್ಣ ಗುಂಪುಗಳಾಗಿ ಕೂರಿಸಿ ಪಾಠ ಹೇಳಿದರು. ಸೋಂಕಿನ ಸುದ್ದಿಗಳು ಬಂದು ಅಕ್ಟೋಬರ್ ತಿಂಗಳಲ್ಲಿ ಅದು ನಿಂತಿತು. ನಿಲ್ಲಿಸಿದ್ದು ಅವಸರದ ತೀರ್ಮಾನವೇ ಎಂಬುದರಲ್ಲಿ ಈಗಲೂ ಭಿನ್ನಾಭಿಪ್ರಾಯವುಂಟು. ಆದರೆ ಬಯಲಿನಲ್ಲಿ, ಸಣ್ಣ ಗುಂಪಿನಲ್ಲಿ, ಮಗುವಿದ್ದಲ್ಲಿಗೆ ಗುರು ಹೋಗುವುದು ಸಾಧ್ಯವೆಂಬುದನ್ನು ಅದು ತೋರಿಸಿಕೊಟ್ಟಿತು. ಪ್ಲೇಗಿನ ಕಾಲದಲ್ಲಿ ಊರನ್ನೇ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡು ಬದುಕಿದ ಅಜ್ಜ ಅಜ್ಜಿಯರ ನಾಡಿಗೆ ಬಯಲು ಹೊಸತೇನಲ್ಲ.

ತಮಿಳುನಾಡಿನಲ್ಲಿ ಅಂಥದೊಂದು ಯತ್ನ ಬಂದದ್ದು ಶಾಲೆ ತೆರೆಯುವ ವಾರದಲ್ಲಿ. 2021ರ ಅಕ್ಟೋಬರ್ 27ರಂದು ಮುಖ್ಯಮಂತ್ರಿ ಮು.ಕ. ಸ್ಟಾಲಿನ್ ಅವರು ವಿಳುಪ್ಪುರಂ ಜಿಲ್ಲೆಯ ಮುದಲಿಯಾರ್‌ಕುಪ್ಪಂ ಎಂಬಲ್ಲಿ ‘ಇಲ್ಲಂ ತೇಡಿ ಕಲ್ವಿ’ ಯೋಜನೆಯನ್ನು ಆರಂಭಿಸಿದರು. ಮನೆಯನ್ನು ಅರಸಿಕೊಂಡು ಬರುವ ವಿದ್ಯೆ ಎಂದು ಅದರ ಅರ್ಥ. ಶಾಲೆ ಬಿಟ್ಟ ಮೇಲೆ ಸಂಜೆ ಐದರಿಂದ ಏಳರ ನಡುವೆ ಒಂದು, ಒಂದೂವರೆ ಗಂಟೆ ಪಾಠ. ಇಪ್ಪತ್ತು ಮಕ್ಕಳಿಗೆ ಒಬ್ಬರಂತೆ ಅದೇ ಊರಿನ ಸ್ವಯಂಸೇವಕರು, ಅವರಿಗೆ ತಿಂಗಳಿಗೆ ಸಾವಿರ ರೂಪಾಯಿ. ಅವರಲ್ಲಿ ಬಹುಪಾಲು ಹೆಣ್ಣುಮಕ್ಕಳು. ಓದು ಮುಗಿಸಿ ಮನೆಯಲ್ಲಿದ್ದವರು, ಮದುವೆಯಾಗಿ ಕೆಲಸಕ್ಕೆ ಹೋಗದವರು. ಜಗಲಿಯೇ ತರಗತಿ, ಕೆಲವೆಡೆ ದೇವಸ್ಥಾನದ ಮಂಟಪ. ಕಾಗದದ ಮೇಲೆ ಯಾರೂ ಬರೆಯದಿದ್ದ ಒಂದು ಪ್ರಯೋಜನ ಇದರಲ್ಲಿ ಅಡಗಿತ್ತು. ಶಾಲೆಯ ಉಪಾಧ್ಯಾಯರು ವರ್ಗವಾಗಿ ಬೇರೆ ಕಡೆಯಿಂದ ಬಂದವರಾಗಿರಬಹುದು, ಕನ್ನಡ ಅವರಿಗೆ ತಿಳಿಯದಿರಬಹುದು. ಅದೇ ಬೀದಿಯ ಹುಡುಗಿ ಪಾಠ ಹೇಳುವಾಗ ಕನ್ನಡದ ಮನೆಗಳಿರುವ ಬೀದಿಯಲ್ಲಿ ಅವಳಿಗೆ ಎರಡೂ ಮಾತು ಬರುತ್ತದೆ. ‘ಎಲೆ’ ಎಂದ ಮಗುವಿಗೆ ‘ಇಲೈ’ ಎಂದು ಕೊಡಬಲ್ಲವಳು ಅವಳು.

ಈ ಯೋಜನೆಯನ್ನು ಪ್ರಚಾರದ ಕಣ್ಣಿನಿಂದಲ್ಲದೆ ಅಳತೆಗೋಲಿನಿಂದ ನೋಡಿದ ಒಂದು ಅಧ್ಯಯನವಿದೆ. ಅಭಿಜೀತ್ ಸಿಂಗ್, ಮಾರಿಸಿಯೊ ರೊಮೆರೊ, ಕಾರ್ತಿಕ್ ಮುರಳೀಧರನ್ ಎಂಬ ಅರ್ಥಶಾಸ್ತ್ರಜ್ಞರು ತಮಿಳುನಾಡಿನ ಗ್ರಾಮಾಂತರದ ಸುಮಾರು 19,000 ಮಕ್ಕಳನ್ನು ಪರೀಕ್ಷಿಸಿದರು. ಸೋಂಕಿಗೆ ಮೊದಲು 2019ರಲ್ಲಿ ನಡೆಸಿದ ಪರೀಕ್ಷೆಯ ಫಲ ಅವರ ಬಳಿಯಿತ್ತು. ಆದ್ದರಿಂದ ಊಹೆಗೆ ಎಡೆಯಿರಲಿಲ್ಲ. 2021ರ ಡಿಸೆಂಬರ್ ತಿಂಗಳಲ್ಲಿ ಭಾಷೆಯಲ್ಲಿಯೂ ಗಣಿತದಲ್ಲಿಯೂ ದೊಡ್ಡ ಹಿನ್ನಡೆ ಕಂಡಿತು, ಗಣಿತದಲ್ಲಿ ಅದು ಭಾಷೆಯದರ ಇಮ್ಮಡಿಯಷ್ಟಿತ್ತು. ಶಾಲೆಗಳು ತೆರೆದ ಆರು ತಿಂಗಳಲ್ಲಿ ಆ ನಷ್ಟದ ಮೂರರಲ್ಲಿ ಎರಡು ಪಾಲು ತುಂಬಿಬಂತು. ತುಂಬಿಬಂದುದರಲ್ಲಿ ಸುಮಾರು ಕಾಲುಭಾಗ ಸಂಜೆಯ ಜಗಲಿ ಪಾಠದಿಂದ. ಉಳಿದುದು ಮುಖ್ಯವಾಗಿ ಶಾಲೆ ತೆರೆದದ್ದರಿಂದಲೇ. ಈ ಲೆಕ್ಕವನ್ನು ಎರಡು ಕಡೆಯಿಂದ ಓದಬಹುದು. ಶಾಲೆ ತೆರೆದರೆ ಮಕ್ಕಳು ಬೇಗ ಚೇತರಿಸಿಕೊಳ್ಳುತ್ತಾರೆ ಎಂಬುದು ಸಮಾಧಾನ. ಆರು ತಿಂಗಳಲ್ಲಿ ಅಷ್ಟು ತುಂಬುವುದಾಗಿದ್ದರೆ ಆ ಆರು ತಿಂಗಳನ್ನು ಇನ್ನೂ ಮೊದಲೇ ಕೊಡಬಾರದಾಗಿತ್ತೆ ಎಂಬುದು ಅದರ ಇನ್ನೊಂದು ಮುಖ.

ಸಮಾಧಾನಕ್ಕೂ ಮಿತಿಯಿದೆ. ಮೂರನೆಯ ಅಲೆ ಬಂದು 2022ರ ಜನವರಿಯ ಆರಂಭದಲ್ಲಿ ಎಳೆಯ ತರಗತಿಗಳು ಮತ್ತೆ ಮುಚ್ಚಿದವು, ಫೆಬ್ರವರಿ 1ರಂದು ಮತ್ತೆ ತೆರೆದವು. ಈ ಬಾರಿ ಒಂದರಿಂದ ಹನ್ನೆರಡರವರೆಗೆ ಎಲ್ಲರೂ ಒಂದೇ ದಿನ ಬಂದರೆಂಬುದನ್ನು ಒಳ್ಳೆಯ ಬದಲಾವಣೆಯೆಂದು ಗುರುತಿಸಬೇಕು. ಅದೇ ವರ್ಷ ನಡೆದ ‘ಅಸರ್’ ಸಮೀಕ್ಷೆಯಲ್ಲಿ ಗ್ರಾಮೀಣ ತಮಿಳುನಾಡಿನ ಮೂರನೆಯ ತರಗತಿಯ ಮಕ್ಕಳಲ್ಲಿ ಎರಡನೆಯ ತರಗತಿಯ ಪಾಠವನ್ನು ಓದಬಲ್ಲವರು ನೂರಕ್ಕೆ 4.8 ಮಂದಿ ಮಾತ್ರ. 2018ರಲ್ಲಿ ಅದು 10.2 ಇತ್ತು. ಮೊದಲೇ ಹತ್ತಿದ್ದದ್ದು ಐದಕ್ಕಿಂತ ಕೆಳಗಿಳಿದಿತ್ತು. ಹಳೆಯ ಮಟ್ಟಕ್ಕೆ ಮರಳಿದರೂ ಹೆಮ್ಮೆಪಡುವಂಥದೇನಿಲ್ಲವೆಂಬುದು ಆ ಅಂಕಿಗಳ ಬಿಚ್ಚುಮಾತು. 2022ರಲ್ಲಿ ಮೂರನೆಯ ತರಗತಿಯಲ್ಲಿದ್ದವರು ಯಾರು? ಒಂದನೆಯ ತರಗತಿಯನ್ನು ಮನೆಯಲ್ಲೇ ಕಳೆದ ಅದೇ ಮಕ್ಕಳು.

ಅದಾದ ಮೇಲೆ ಸರ್ಕಾರ ಕೈಕಟ್ಟಿ ಕೂತಿತೆಂದರೆ ಅನ್ಯಾಯವಾದೀತು. 2022ರ ಜೂನ್ 13ರಂದು ಶಾಲೆಗಳು ಹೊಸ ವರ್ಷಕ್ಕೆ ತೆರೆದಾಗ ಒಂದರಿಂದ ಮೂರನೆಯ ತರಗತಿಗಳಿಗೆ ‘ಎಣ್ಣುಂ ಎಳುತ್ತುಂ’ ಎಂಬ ಕಾರ್ಯಕ್ರಮ ಬಂತು. ಮಕ್ಕಳನ್ನು ವಯಸ್ಸಿಗೆ ತಕ್ಕಂತೆ ವಿಂಗಡಿಸದೆ, ಎಷ್ಟು ಬಲ್ಲರೋ ಅದಕ್ಕೆ ತಕ್ಕಂತೆ ಅರುಂಬು, ಮೊಟ್ಟು, ಮಲರ್ ಎಂಬ ಮೂರು ಹಂತಗಳಲ್ಲಿ ಕೂರಿಸಿ ಕಲಿಸುವ ಕ್ರಮವದು. ಎಳೆಮೊಗ್ಗು, ಮೊಗ್ಗು, ಹೂ ಎನ್ನಬಹುದು. ಮೂರನೆಯ ತರಗತಿಯಲ್ಲಿದ್ದೂ ಅಕ್ಷರ ತಿಳಿಯದ ಮಗುವಿಗೆ ನಾಚಿಕೆಯಿಲ್ಲದೆ ಮೊದಲಿನಿಂದ ಆರಂಭಿಸುವ ಅವಕಾಶ ಇದರಲ್ಲಿದೆ. ಅದೇ ವರ್ಷದ ಸೆಪ್ಟೆಂಬರ್ 15ರಂದು ಮದುರೆಯಲ್ಲಿ ಆರಂಭವಾದ ಬೆಳಗಿನ ಉಪಾಹಾರದ ಯೋಜನೆ ಸರ್ಕಾರಿ ಪ್ರಾಥಮಿಕ ಶಾಲೆಗಳ ಮಕ್ಕಳಿಗೆ ಸತ್ತುಣವಿನ ಮಧ್ಯಾಹ್ನದ ಊಟದ ಜೊತೆಗೆ ಇನ್ನೊಂದು ಹೊತ್ತಿನ ಆಹಾರವನ್ನು ಸೇರಿಸಿತು. ಶಾಲೆ ಮುಚ್ಚಿದ್ದಾಗ ಅಕ್ಕಿ ಬೇಳೆಯನ್ನು ಮನೆಗೆ ಕೊಟ್ಟರೂ, ಬೇಯಿಸಿ ಬಡಿಸಿದ ಅನ್ನಕ್ಕೆ ಅದು ಸಮನಾಗಲಿಲ್ಲ. ಮನೆಗೆ ಬಂದ ಅಕ್ಕಿ ಮನೆಮಂದಿಗೆಲ್ಲ ಹಂಚಿಹೋಗುತ್ತದೆ, ಮಗುವಿನ ತಟ್ಟೆಗೆ ಅದರ ಪಾಲು ಮಾತ್ರ.

ಇಷ್ಟೆಲ್ಲದರಲ್ಲಿಯೂ ಮನೆಮಾತಿನ ವಿಷಯ ಎಲ್ಲಿಯೂ ಬರಲಿಲ್ಲ. ಅರುಂಬು ಹಂತದಲ್ಲಿ ಕೂತ ಮಗು ಏಕೆ ಅಲ್ಲಿ ಕೂತಿದೆಯೆಂದು ಕೇಳಿದರೆ, ಶಾಲೆ ತಪ್ಪಿದ್ದರಿಂದ ಎಂದಷ್ಟೇ ಉತ್ತರ. ತಮಿಳು ತನ್ನ ಮನೆಮಾತಲ್ಲದ ಮಗುವಿಗೆ ಬೇಕಾದ ಸಹಾಯವೂ, ತಮಿಳು ಮನೆಮಾತಾಗಿದ್ದೂ ಅಕ್ಷರ ಮರೆತ ಮಗುವಿಗೆ ಬೇಕಾದ ಸಹಾಯವೂ ಒಂದೇ ಅಲ್ಲ. ಇದು ತಮಿಳನ್ನು ಬೇಡವೆನ್ನುವ ಮಾತಲ್ಲವೆಂಬುದನ್ನು ಬಿಡಿಸಿ ಹೇಳಬೇಕು. 2006ರ ತಮಿಳು ಕಲಿಕೆಯ ಕಾಯಿದೆಯ ಮೇಲೆ ಹೊಸೂರಿನ ಕಡೆಯ ಅಲ್ಪಸಂಖ್ಯಾತ ಶಾಲೆಗಳು ನ್ಯಾಯಾಲಯದಲ್ಲಿ ವಾದಿಸುತ್ತ ಬಂದಿರುವುದು ಬೇರೆ ವ್ಯವಹಾರ. ಧರ್ಮಪುರಿಯ ಸುತ್ತಿನ ಕನ್ನಡ ಮನೆಗಳು ತಮಿಳಿನಲ್ಲಿ ಓದುವುದನ್ನು ಒಪ್ಪಿಕೊಂಡಿವೆ. ಅದನ್ನು ಚೆನ್ನಾಗಿ ಕಲಿಸಿರೆಂದು ಕೇಳುವುದು ಆ ಒಪ್ಪಿಗೆಯ ಸಹಜವಾದ ಹಕ್ಕು. ಚೆನ್ನಾಗಿ ಕಲಿಸಲು ಮಗು ಯಾವ ಮಾತಿನಿಂದ ಹೊರಡುತ್ತದೆಂಬುದು ಕಲಿಸುವವರಿಗೆ ಗೊತ್ತಿರಬೇಕು.

ಅದನ್ನು ತಿಳಿಸುವ ಕೆಲಸದಲ್ಲಿ ಮನೆಯವರ ಪಾಲೂ ಉಂಟು. ಶಾಲೆಗೆ ಸೇರಿಸುವಾಗ ತುಂಬಿಸುವ ವಿವರಗಳಲ್ಲಿ ಮಾತೃಭಾಷೆ ಯಾವುದೆಂಬ ಒಂದು ಅಂಕಣವಿದೆ. ಅನೇಕ ಕನ್ನಡ ಮನೆಗಳವರು ಅಲ್ಲಿ ತಮಿಳು ಎಂದೇ ಬರೆಸುತ್ತಾರೆ. ಕೆಲವರಿಗೆ ಸಂಕೋಚ, ಕೆಲವರಿಗೆ ಕನ್ನಡವೆಂದರೆ ಮಗುವಿಗೆ ಏನಾದರೂ ತೊಂದರೆಯಾದೀತೆಂಬ ಅಳುಕು, ಹಲವರಿಗೆ ಯಾರೂ ಕೇಳಿಯೇ ಇರುವುದಿಲ್ಲ. ಬರೆಯುವವರು ತಾವಾಗಿ ತುಂಬಿಬಿಡುತ್ತಾರೆ. ಹಾಗೆ ತುಂಬಿದ ಮೇಲೆ ಆ ಊರಿನಲ್ಲಿ ಕನ್ನಡದ ಮಗುವೇ ಇಲ್ಲವೆಂದು ದಾಖಲೆ ಸಾರುತ್ತದೆ. ಇಲ್ಲದ ಮಗುವಿಗಾಗಿ ಎರಡು ಭಾಷೆಯ ಚಿತ್ರಪುಸ್ತಕವನ್ನು ಯಾರು ಅಚ್ಚುಮಾಡಿಸುತ್ತಾರೆ? 2022ರಲ್ಲಿ ಸರ್ಕಾರಿ ಶಾಲೆಗಳ ಪಳ್ಳಿ ಮೇಲಾಣ್ಮೈ ಕುಳುಗಳನ್ನು ಹೊಸದಾಗಿ ರಚಿಸಲಾಯಿತು. ಆಗ ಇಪ್ಪತ್ತು ಮಂದಿಯಿದ್ದ ಈ ಸಮಿತಿಗಳಲ್ಲಿ ಹೆಚ್ಚಿನವರು ಮಕ್ಕಳ ಹೆತ್ತವರೇ, ಅದರಲ್ಲಿಯೂ ತಾಯಂದಿರು. ಶಾಲೆಯ ನಲ್ಲಿ, ಕಾಂಪೌಂಡು, ಶೌಚಾಲಯಗಳ ಮಾತು ಅಲ್ಲಿ ನಡೆಯುತ್ತದೆ, ನಡೆಯಲೂ ಬೇಕು. ಒಂದನೆಯ ತರಗತಿಗೆ ಬಂದ ಮಕ್ಕಳಲ್ಲಿ ಮನೆಯಲ್ಲಿ ಕನ್ನಡವಾಡುವವರೆಷ್ಟು, ತೆಲುಗು ಆಡುವವರೆಷ್ಟು, ಸಂಜೆಯ ಪಾಠಕ್ಕೆ ಎರಡು ಮಾತು ಬಲ್ಲವರು ಆ ಬೀದಿಯಲ್ಲಿ ಯಾರಿದ್ದಾರೆ ಎಂಬ ಪ್ರಶ್ನೆಯನ್ನು ಅಲ್ಲಿ ಎತ್ತಲು ಯಾರ ಅಪ್ಪಣೆಯೂ ಬೇಡ.

ಇನ್ನೊಂದು ಸೋಂಕು ಬರುವುದೋ ಇಲ್ಲವೋ, ಬಂದರೆ ಯಾವಾಗ ಎಂಬುದು ವೈದ್ಯರ ವಿಷಯ. ಶಾಲೆಗಳನ್ನು ಯಾವ ಕ್ರಮದಲ್ಲಿ ತೆರೆಯಬೇಕೆಂಬುದನ್ನು ಮಾತ್ರ ಈಗಲೇ ಬರೆದಿಡಬಹುದು: ಎಳೆಯರು ಮೊದಲು, ಸಣ್ಣ ಗುಂಪಿನಲ್ಲಿ, ಆದಷ್ಟು ಬಯಲಿನಲ್ಲಿ, ಉಪಾಧ್ಯಾಯರಿಗೆ ಲಸಿಕೆಯೋ ಮದ್ದೋ ದೊರೆತ ಒಡನೆ. ಹದಿನೇಳರ ಹುಡುಗ ಪುಸ್ತಕವನ್ನು ತೆರೆದು ತಾನೇ ಓದಬಲ್ಲ, ಸಂಶಯ ಬಂದರೆ ಫೋನಿನಲ್ಲಿ ಕೇಳಬಲ್ಲ; ಆರರ ಮಗುವಿಗೆ ಪುಸ್ತಕ ತೆರೆಯುವುದನ್ನೇ ಯಾರಾದರೂ ಕಲಿಸಬೇಕು. ಪರೀಕ್ಷೆಯನ್ನು ಮೂರು ತಿಂಗಳು ಮುಂದೂಡಲಾಗುತ್ತದೆ, ರದ್ದು ಮಾಡಲೂ ಆಗುತ್ತದೆ. 2020ರಲ್ಲಿ ಹತ್ತನೆಯ ತರಗತಿಯ ಪರೀಕ್ಷೆಯನ್ನೇ ರದ್ದು ಮಾಡಿ ಎಲ್ಲರನ್ನೂ ಉತ್ತೀರ್ಣರೆಂದು ಸಾರಿದ ರಾಜ್ಯವಿದು.

2020ರಲ್ಲಿ ಒಂದನೆಯ ತರಗತಿಯ ಹಾಜರಿ ಪುಸ್ತಕದಲ್ಲಿ ಹೆಸರು ಬರೆಸಿಕೊಂಡ ಮಗು, ನಡುವೆ ಎಲ್ಲಿಯೂ ನಿಲ್ಲದಿದ್ದರೆ, 2029-30ನೆಯ ಸಾಲಿನಲ್ಲಿ ಹತ್ತನೆಯ ತರಗತಿಗೆ ಬರುತ್ತದೆ. 2030ರ ಬೇಸಿಗೆಯ ಹೊತ್ತಿಗೆ ಅದಕ್ಕೆ ಪಬ್ಲಿಕ್ ಪರೀಕ್ಷೆ. ಆ ಪರೀಕ್ಷೆಯಲ್ಲಿ ರೂಢಿಯಂತೆ ಮೊದಲ ದಿನದ ಪ್ರಶ್ನೆಪತ್ರಿಕೆ ತಮಿಳಿನದು.